ಊಟ ಕೇಳಿದ ದಂಡನಾಯಕ

ನನಗೆ ಮೂಗಿನ ತುದಿಯಲ್ಲೇ ಕೋಪ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬವಾಗಲಿ, ಗೃಹಪ್ರವೇಶವಾಗಲಿ, ಸಾಹೇಬರಿಗೆ ಸುಸ್ವಾಗತವಾಗಲಿ, ಎಲ್ಲದಕ್ಕೂ ಒಂದು ನಗುವ ಮುಖ, ಮುಗಿದ ಎರಡು ಕೈ, ಹಿಂದೆ ಒಂದು ಸೂರ್ಯೋದಯ. ಕಂಡವರ ಮೀಸೆ ಕಪ್ಪು ಮಾಡಿ, ಕೆನ್ನೆ ಬೆಳ್ಳಗೆ ಮಾಡಿ ನನಗೆ ಸಾಕುಸಾಕಾಗಿಹೋಗಿತ್ತು. ಯಾರೂ ನಗದ, ಯಾರೂ ಕೈ ಮುಗಿಯದ, ಸೂರ್ಯನೇ ಹುಟ್ಟದ ಒಂದು ಅನಿಮೇಶನ್ ಸಿನಿಮಾ ಮಾಡಬೇಕು ಅಂತ ಹಟ ಹುಟ್ಟಿದ್ದು ಹೀಗೆ. ಅಂಗಡಿಯ ಕಂಪ್ಯೂಟರಿನಲ್ಲೇ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದೊಂದೇ ಚಿತ್ರ ಬರೆಯುತ್ತ ಕೂತೆ.

ಕತೆ ಇಷ್ಟು. ಬ್ರಿಟಿಷರು ನಮ್ಮ ಕಡೆ ಬರಲೇ ಇಲ್ಲ, ಪಾಳೆಗಾರರ ಆಳ್ವಿಕೆ ಮುಗಿಯಲೇ ಇಲ್ಲ. ಈಗಲೂ ಅದೇ. ಬಸ್ಸಿದೆ, ಮೊಬೈಲಿದೆ, ಜೊತೆಗೆ ಪಾಳೆಗಾರನ ಪೊಲೀಸರಿದ್ದಾರೆ. ಹೊನ್ನಾಳಿಯ ಹೊಳೆ ಸೇತುವೆಗೆ ಕಬ್ಬಿಣದ ಗೇಟು. ನ್ಯಾಮತಿಗೆ ಹೋಗಬೇಕಾದರೆ ಪಾಸು. ಜಗಳೂರಿನ ಬಯಲಲ್ಲಿ ಕಾವಲು ಗೋಪುರಗಳು. ಸೂಳೆಕೆರೆಯ ಏರಿಯ ಒಳಗೆ ಯಾರಿಗೂ ಗೊತ್ತಿಲ್ಲದ ಜೈಲು. ಊರೂರಿನ ಕಂಬಕ್ಕೂ ಮೈಕು ಕಟ್ಟಿದೆ, ಅದರಿಂದ ಆ ಪೊಲೀಸರ ಮುಖ್ಯಸ್ಥ ದಂಡನಾಯಕನ ಹುಕುಂ ಬರುತ್ತದೆ. ಅವನ ಮುಖ ಯಾರೂ ನೋಡಿಲ್ಲ. ದನಿ ಮಾತ್ರ ಕೇಳಿದ್ದಾರೆ. ಮೈಕು ರಿಪೇರಿ ಮಾಡುವ ಒಬ್ಬ ಹೆಂಗಸು ಆ ದನಿ ಎಲ್ಲಿಂದ ಬರುತ್ತದೆ ಎಂದು ಹುಡುಕಲು ಹೊರಟು ಸಿಕ್ಕಿಬೀಳುತ್ತಾಳೆ.

ಅಂಥ ದನಿಗೆ ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅದು ನನ್ನ ಅಂಗಡಿಯ ಎದುರಿಗೇ ಆಟೋ ನಿಲ್ಲಿಸಿ ಚಹಾ ಕುಡಿಯುತ್ತಿತ್ತು.

ಆ ಆಟೋದ ಮೇಲೆ ಎರಡು ಮೈಕು, ಒಳಗೆ ನಮ್ಮ ಚಾಚಾ. ರಕ್ತಸಂಬಂಧವಿಲ್ಲ, ಇಡೀ ಊರಿಗೇ ಚಾಚಾ. ಸೀರೆ ಅಂಗಡಿಯ ಡಿಸ್ಕೌಂಟು, ನಾಳೆ ನೀರು ಬರಲ್ಲ, ನಲ್ಲೂರಿನಲ್ಲಿ ಕಣ್ಣಿನ ತಪಾಸಣೆ, ಬಿಳಿಚೋಡಿನಲ್ಲಿ ಕುರಿ ಕಳೆದಿದೆ, ಏನೇ ಇದ್ದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಷ್ಟಕ್ಕೂ ಕೂಗುತ್ತ ಹೋಗುವುದು ಅವರೇ. ಬೇರೆಯವರೆಲ್ಲ ಪೆನ್‌ಡ್ರೈವಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಬೀಡಿ ಸೇದುತ್ತ ಓಡಾಡುತ್ತಾರೆ. ಚಾಚಾಗೆ ಅದು ಅವಮಾನ. "ಜನ ಎದುರಿಗೆ ನಿಂತವ್ರೆ, ನಾನು ಅವರ ಮುಖ ನೋಡಿ ಮಾತಾಡ್ದೆ ಮಷೀನಿಗೆ ಬಿಟ್ಟು ಕುಂತ್ರೆ ಹೆಂಗವ್ವಾ?" ಅನ್ನುತ್ತಿದ್ದರು. ಹೀಗಾಗಿ ಅಷ್ಟು ವರ್ಷ ಕೂಗಿದ ಮನುಷ್ಯನ ದನಿ ಎಲ್ಲಿಯೂ ಒಂದು ತುಣುಕು ಉಳಿದಿರಲಿಲ್ಲ. ಇದ್ದ ಫೋನೂ ಬಟನ್ ಫೋನು.

ಸಂಜೆ ಕೆಲಸ ಮುಗಿಸಿ ಮನೆಗೆ ಬರುವಾಗ ತಮ್ಮ ಗಲ್ಲಿಯ ತುದಿಯಲ್ಲೇ ಅವರ ಕೊನೆಯ ಅನೌನ್ಸ್‌ಮೆಂಟ್. "ಊಟ ಆತೇನ್ರೀ?" ಅದು ಚಾಚಿಗೆ. ಮನೆಯೊಳಗೆ ಗಂಡ ಹೆಂಡತಿಯ ಮಾತು ಉರ್ದು, ಮೈಕಿನಲ್ಲಿ ಮಾತ್ರ ಕನ್ನಡ. ಚಾಚಿ ಬಾಗಿಲಿಗೆ ಬಂದು, "ಇನ್ನಾ ಇಲ್ಲ, ಬರ್ರಿ" ಅಂತ ಕೂಗುತ್ತಿದ್ದರು. ಗಲ್ಲಿಯ ಹೆಂಗಸರು ಅದನ್ನು ಕೇಳಿ ಕುಕ್ಕರ್ ಇಡುತ್ತಿದ್ದರು.

ಆಮೇಲೆ ಚಾಚಾನ ಗಂಟಲಲ್ಲಿ ಗಂಟು ಬಂತು. ದಾವಣಗೆರೆಯ ಡಾಕ್ಟರು ನೋಡಿ, ಆಪರೇಷನ್ ಆಗಲೇಬೇಕು, ಜೀವಕ್ಕೇನೂ ಭಯವಿಲ್ಲ, ಆದರೆ ಧ್ವನಿಪೆಟ್ಟಿಗೆ ಉಳಿಯುವುದಿಲ್ಲ ಅಂದರು. ಚಾಚಾ ನಗುತ್ತಲೇ ಬಂದು ಹೇಳಿದರು. ಚಾಚಿ ನಗಲಿಲ್ಲ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, "ನಿನ್ನ ಆ ಕೆಟ್ಟ ಪಿಚ್ಚರ್‌ನಾಗೆ ಇವ್ರನ್ನ ಮಾತಾಡ್ಸವ್ವಾ. ಕಳ್ಳನ್ನ ಮಾಡು, ಪೊಲೀಸ್ನ ಮಾಡು, ಏನಾರ ಮಾಡು. ದನಿ ಒಂದ್ ಕಡೆ ಇರ್ಲಿ. ನನಗೆ ಕೇಳಾಕೆ ಬೇಕು" ಅಂದರು. ಅಳು ಬಂದರೆ ನಾನು ಬೈಯುವವಳು. "ಕೆಟ್ಟ ಪಿಚ್ಚರ್ ಅಂತ ಯಾರು ಹೇಳಿದ್ದು?" ಅಂತ ಜೋರು ಮಾಡಿ ಒಳಗೆ ಹೋದೆ.

ಅಂಗಡಿಯ ಹಿಂದಿನ ಕೋಣೆಯ ಗೋಡೆಗೆಲ್ಲ ಚಾಚಿಯ ಮನೆಯ ಕೌದಿಗಳನ್ನು ತೂಗುಹಾಕಿ, ಹೊರಗಿನ ಸದ್ದು ಬರದಂತೆ ಮಾಡಿಕೊಂಡು ರೆಕಾರ್ಡಿಂಗ್ ಶುರುಮಾಡಿದೆವು. ಹುಕುಂಗಳೆಲ್ಲ ಸಲೀಸಾಗಿ ಆದವು. "ಕತ್ತಲಾದ ಮೇಲೆ ಬೀದಿಯಲ್ಲಿ ಕಂಡವರಿಗೆ ಗುಂಡು" ಅಂತ ಚಾಚಾ ಹೇಳಿದಾಗ ನನ್ನ ಮೈಯೇ ಜುಂ ಅಂದಿತು. ತೊಂದರೆ ಶುರುವಾದದ್ದು ವಿಚಾರಣೆಯ ದೃಶ್ಯದಲ್ಲಿ. ಏರಿಯ ಒಳಗಿನ ಜೈಲು, ಕುರ್ಚಿಗೆ ಕಟ್ಟಿಹಾಕಿದ ಹೆಂಗಸು. ಕತ್ತಲಲ್ಲಿ ದಂಡನಾಯಕ ಬಂದು ಎದುರಿಗೆ ಕೂರುತ್ತಾನೆ. ಹೆಂಗಸಿಗೆ ದನಿ ನಾನೇ. ಚಾಚಾ ಹೇಳಬೇಕಾದದ್ದು, "ನಿನ್ನ ಜೊತೆಗೆ ಇನ್ಯಾರಿದ್ದಾರೆ? ಬೊಗಳು!"

ಚಾಚಾ ಗಂಟಲು ಸರಿಮಾಡಿಕೊಂಡರು. ನನ್ನ ಮುಖ ನೋಡಿದರು. "ಊಟ ಆತೇನ್ರೀ?" ಅಂದರು.

"ಆತ್ರೀ, ನಿಮ್ದು?" ಅಂದೆ ನಾನು!

ಬಾಯಿಗೆ ಬಂದದ್ದು ಬಂದೇಬಿಟ್ಟಿತು. ನಮ್ಮ ಕಡೆ ಎದುರಿಗೆ ಕೂತವರನ್ನು ಊಟ ಕೇಳದೆ ಮಾತಿಗೆ ಇಳಿಯುವ ಪದ್ಧತಿಯೇ ಇಲ್ಲ. ಜಗಳಕ್ಕೆ ಬಂದವನೂ ಮೊದಲು ಊಟ ಕೇಳಿಯೇ ಆಮೇಲೆ ಕೊರಳಪಟ್ಟಿ ಹಿಡಿಯುವುದು. ಆದರೂ ನನ್ನ ಪಿತ್ತ ನೆತ್ತಿಗೇರಿತು. "ಚಾಚಾ, ನೀವು ಪೊಲೀಸು! ಬೀಗರಲ್ಲ!" ಅಂದೆ. ಅವರು ಕೈ ಮುಗಿದು, "ತಪ್ಪಾತವ್ವಾ, ಇನ್ನೊಂದ್ಸಲ" ಅಂದರು. ಇನ್ನೊಂದು ಸಲವೂ ಅದೇ. ಹಲ್ಲು ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು, ಗೋಡೆಯ ಕಡೆ ತಿರುಗಿಕೊಂಡು ಹೇಳಿಸಿ ನೋಡಿದೆ. ಬಾಗಿಲಲ್ಲಿದ್ದ ಚಾಚಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಚಾಚಾ ಕೊನೆಗೆ, "ಅಲ್ಲವ್ವಾ, ಕಟ್ಟಿಹಾಕಿದ ಹೆಣ್ಮಗಳು, ಹಸ್ದಿದಾಳೋ ಏನೋ. ಕೇಳ್ದೆ ಹೆಂಗೆ ಬೈಯ್ಲಿ?" ಅಂತ ನನಗೇ ತಿರುಗಿ ಕೇಳಿದರು. ಸರಿ, ಊಟ ಕೇಳಿಯೇ ಬೈಯಿರಿ, ಆ ಊಟವನ್ನು ಆಮೇಲೆ ಕತ್ತರಿಸುತ್ತೇನೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಚಾಚಾ ಮೊದಲಿಗಿಂತ ಗಟ್ಟಿಯಾದರು, ಮತ್ತೆ ಆಟೋ ಹತ್ತಿದರು. ಮಾತು ಮಾತ್ರ ಇಲ್ಲ. ಕೈಯಲ್ಲಿ, ಹುಬ್ಬಿನಲ್ಲಿ ಮಾತಾಡುವುದನ್ನು ಬಲುಬೇಗ ಕಲಿತರು. ಹುಬ್ಬಿನಿಂದಲೇ ನನ್ನನ್ನು ತಮಾಷೆ ಮಾಡುವಷ್ಟು. ಆದರೆ ಸಂಜೆ ಆಟೋ ಗಲ್ಲಿಗೆ ಸುಮ್ಮನೆ ಬಂದು ಸುಮ್ಮನೆ ನಿಲ್ಲುತ್ತಿತ್ತು. ಚಾಚಿ ಬಾಗಿಲಿಗೆ ಬರುವುದನ್ನು ಬಿಟ್ಟರು. ಸಿನಿಮಾ ತಯಾರಾಗಿದೆ, ಬನ್ನಿ ಅಂದರೆ, "ಈಗ್ಲೇ ಬ್ಯಾಡ, ಧೈರ್ಯ ಬರ್ಲಿ" ಅಂದರು.

ಫ್ಲೆಕ್ಸಿನ ಹಿಂಬದಿ ಬೆಳ್ಳಗಿರುತ್ತದಲ್ಲ, ಅದೇ ನಮ್ಮ ಪರದೆ. ಅದನ್ನು ಸುತ್ತಿ ಆಟೋದಲ್ಲಿ ಹಾಕಿಕೊಂಡು, ಬಾಡಿಗೆ ಪ್ರೊಜೆಕ್ಟರ್ ಇಟ್ಟುಕೊಂಡು, ನಾನೂ ಚಾಚಾನೂ ಮೊದಲು ನ್ಯಾಮತಿಗೆ ಹೋದೆವು. ಊಟದ ಮಾತನ್ನು ನಾನು ಕತ್ತರಿಸಿ ಎಸೆದಿದ್ದೆ. ದಂಡನಾಯಕ ಬರುತ್ತಾನೆ, ಕೂರುತ್ತಾನೆ, ನೇರವಾಗಿ "ಬೊಗಳು!" ಅನ್ನುತ್ತಾನೆ. ಇನ್ನು ಜನ ಕೂತಲ್ಲೇ ನಡುಗುತ್ತಾರೆ ಅಂತ ನಾನು ಕಾದಿದ್ದೇ ಬಂತು. ಮುಂದೆ ಕೂತವನೊಬ್ಬ ಆಕಳಿಸಿದ. ಮುಗಿದ ಮೇಲೆ ತರಕಾರಿ ಮಾರುವ ಅಮ್ಮ ಒಬ್ಬರು ನನ್ನ ಹತ್ತಿರ ಬಂದು, "ಚಾಚಾನ ದನಿ ಅಂತ ಸುಳ್ಳು ಹೇಳ್ಬಾರ್ದು ಕಣವ್ವಾ. ಯಾರೋ ಮಿಮಿಕ್ರಿ ಮಾಡ್ಯಾರೆ" ಅಂದರು. ಅಲ್ಲಮ್ಮ, ಅವರದೇ ಅಂದರೆ ಒಪ್ಪಲಿಲ್ಲ. "ನಮ್ಮ ಚಾಚಾ ಮೊದ್ಲು ಊಟ ಕೇಳ್ತಿದ್ರು. ನನ್ನ ಅಂಗಡಿ ಮುಂದೆ ಹೋಗ್ಬೇಕಾದ್ರೆ ಮೈಕ್‌ನಾಗೇ ಕೇಳೋರು. ಇದು ಅವ್ರಲ್ಲ ಬಿಡು."

ಪರದೆ ಸುತ್ತುತ್ತಿದ್ದ ಚಾಚಾ ಅಲ್ಲೇ ಇದ್ದರು. ಅದು ನಾನೇ ಅಂತ ಹೇಳೋಣವೆಂದರೆ ದನಿಯಿಲ್ಲ. ಎದೆ ಮುಟ್ಟಿ ತೋರಿಸಿದರು, ಆ ಅಮ್ಮ ಅದನ್ನು ಸಲಾಂ ಅಂದುಕೊಂಡು ಅವರಿಗೆ ನಮಸ್ಕಾರ ಮಾಡಿ ಹೋದರು. ಚಾಚಾನ ಮುಖ ಸಪ್ಪೆಯಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಪರೇಷನ್ ಹೊತ್ತಿನಲ್ಲೂ ಅವರು ಹಾಗೆ ಕೂತಿರಲಿಲ್ಲ. ದಾರಿಯುದ್ದಕ್ಕೂ ನಾನು ಒಬ್ಬರನ್ನೂ ಬೈಯಲಿಲ್ಲ, ಎದುರಿಗೆ ಲೈಟು ಹಾಕಿಕೊಂಡು ಬಂದ ಲಾರಿಯವನನ್ನೂ ಬಿಟ್ಟೆ.

ಬಂದವಳೇ ಕಂಪ್ಯೂಟರಿನ ಮುಂದೆ ಕೂತು ಕತ್ತರಿಸಿದ್ದನ್ನು ಹುಡುಕಿ ಜಾಗಕ್ಕೆ ಸೇರಿಸಿದೆ. ಹಾಕಿ ನೋಡಿದೆ. ಕತ್ತಲು, ಹೆಜ್ಜೆ ಸದ್ದು, ಕುರ್ಚಿ ಎಳೆಯುವ ಸದ್ದು, "ಊಟ ಆತೇನ್ರೀ?" ಅಯ್ಯೋ ಶಿವನೇ, ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬೊಗಳು ಅನ್ನುವ ಪೊಲೀಸರನ್ನು ಯಾರು ಬೇಕಾದರೂ ಬರೆಯಬಹುದು. ಪ್ರೀತಿಯಿಂದ ಊಟ ಕೇಳಿ ಆಮೇಲೆ ಬೀಗ ಹಾಕುವವನಿಂದ ಎಲ್ಲಿಗೆ ಓಡುವುದು? ಇದಕ್ಕಿಂತ ಚೆನ್ನಾದದ್ದು ನನಗೆ ಹೊಳೆದಿರಲೇ ಇಲ್ಲ.

ಹೊನ್ನಾಳಿ, ಜಗಳೂರು ಆಮೇಲೆ ನೋಡೋಣ, ಮೊದಲು ನಮ್ಮೂರಲ್ಲೇ ತೋರಿಸೋಣ ಅಂದೆ. ಚನ್ನಗಿರಿಯ ಸಮುದಾಯ ಭವನ ತುಂಬಿತ್ತು. ಅಡಿಕೆ ಮಂಡಿಯವರು, ಗುಜರಿಯವರು, ಹೂವಿನವರು, ಅವರ ಮಕ್ಕಳುಮರಿ ಎಲ್ಲ ಬಂದಿದ್ದರು. ಚಾಚಾ ಹಿಂದೆ ಪ್ರೊಜೆಕ್ಟರಿನ ಹತ್ತಿರ ನಿಂತಿದ್ದರು. ಲೈಟು ಆರಿಸುವ ಹೊತ್ತಿಗೆ ಚಾಚಿ ಬುರ್ಖಾ ಹಾಕಿಕೊಂಡು ಬಂದು, ಯಾರ ಜೊತೆಗೂ ಮಾತಾಡದೆ, ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತರು.

ಕಂಬದ ಮೈಕಿನಿಂದ ಮೊದಲ ಹುಕುಂ ಬಂದಾಗ ಭವನದಲ್ಲಿ ಸಣ್ಣಗೆ ಗುಜುಗುಜು, "ಚಾಚಾಂದಲ್ವೇನ್ರೀ ದನಿ?" ಸೇತುವೆಯ ಗೇಟು ಮುಚ್ಚಿತು. ಗೋಪುರದ ಲೈಟು ತಿರುಗಿತು. ಹೆಂಗಸು ಸಿಕ್ಕಿಬಿದ್ದಳು. ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಮಡಿಲಿಗೆ ಹೋದರು. ನನಗೆ ಹಿಗ್ಗೋ ಹಿಗ್ಗು! ಜೈಲು ಬಂತು. ಹೆಜ್ಜೆ ಬಂತು. ಕುರ್ಚಿ ಎಳೆದ ಸದ್ದು ಬಂತು.

"ಊಟ ಆತೇನ್ರೀ?"

"ಆತ್ರೀ!" ಅಂತು ಇಡೀ ಭವನ.

ಒಬ್ಬರಿಬ್ಬರಲ್ಲ, ಎಲ್ಲರೂ. "ನಿಮ್ದು ಆತಾ, ಚಾಚಾ?" ಅಂತ ಮುಂದಿನಿಂದ ಯಾವುದೋ ಅಜ್ಜಿ. ಅಷ್ಟೇ, ಜನ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು, ಶಿಳ್ಳೆ ಹೊಡೆದರು, ಕುರ್ಚಿ ತಿರುಗಿಸಿಕೊಂಡು ಚಾಚಾನ ಕಡೆ ಕೈ ಬೀಸಿದರು. ನನ್ನ ಪೊಲೀಸ್ ರಾಜ್ಯ ಅಲ್ಲಿಗೆ ಮಣ್ಣುಪಾಲು. ಪರದೆಯ ಮೇಲೆ ದಂಡನಾಯಕ ಗಂಟಲು ಹರಿಯುವಂತೆ ಬೊಗಳು ಬೊಗಳು ಅನ್ನುತ್ತಿದ್ದ, ಕೇಳುವವರೇ ಇಲ್ಲ. ಚಾಚಾ ಹುಬ್ಬು ಕುಣಿಸಿ ನನ್ನನ್ನು ನೋಡಿ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಚಾಚಿ ಮಾತ್ರ ನಗಲಿಲ್ಲ. ನನ್ನ ತೋಳು ಹಿಡಿದು, "ಇನ್ನೊಂದ್ಸಲ ಹಾಕವ್ವಾ" ಅಂದರು.

ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಈ ಸಲ ಏನೋ ಅಂತ ಜನ ಸುಮ್ಮನಾದರು. ಕತ್ತಲು, ಹೆಜ್ಜೆ, ಕುರ್ಚಿ. "ಊಟ ಆತೇನ್ರೀ?"

ಚಾಚಿ ಎದ್ದು ನಿಂತರು. ಪರದೆಯ ಕಡೆ ನೋಡಲೇ ಇಲ್ಲ. ಪ್ರೊಜೆಕ್ಟರಿನ ಹಿಂದೆ ನಿಂತಿದ್ದ ಗಂಡನ ಕಡೆ ತಿರುಗಿ, ಗಲ್ಲಿಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದಷ್ಟೇ ಗಟ್ಟಿಯಾಗಿ ಕೂಗಿದರು.

"ಇನ್ನಾ ಇಲ್ಲ, ಬರ್ರಿ!"