ನಡುವೆ ಹುಲ್ಲು ಬೆಳೆದ ದಾರಿ

ಒಳ್ಳೆಯ ರಸ್ತೆಗೆ ಮಾರ್ಜರಿ ಬೆಬ್ ಹೇಳುತ್ತಿದ್ದ ಗುರುತು ಒಂದೇ. ಡಾಂಬರಿನ ನಟ್ಟನಡುವೆ ಹುಲ್ಲು ಬೆಳೆದಿರಬೇಕು. ಹುಲ್ಲಿದೆ ಅಂದರೆ ಕಾರು ಓಡಾಡುವುದಿಲ್ಲ, ಕಾರಿಲ್ಲ ಅಂದರೆ ಸೈಕಲ್ಲಿನವರಿಗೆ ಅದೇ ರಾಜಬೀದಿ. ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ತೆಂಕಣ ಗುಡ್ಡಗಳಿಂದ ವೇಲ್ಸಿನ ಗಡಿಯವರೆಗೆ ಅಂಥ ದಾರಿ ಎಲ್ಲೆಲ್ಲಿದೆ, ಯಾವ ತಿರುವಿನಲ್ಲಿ ಕುರಿ ಅಡ್ಡ ಮಲಗಿರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಮೂವತ್ತೊಂದು ವರ್ಷ ಅದೇ ಗುಡ್ಡಗಳಲ್ಲಿ ಮನೆಮನೆಗೆ ಅಂಚೆ ಹಂಚಿದವಳು. ವಾರದಲ್ಲಿ ಆರು ದಿನ ಸರ್ಕಾರದ ಸೈಕಲ್ಲು ತುಳಿದು, ಏಳನೆಯ ದಿನ ಸ್ವಂತದ್ದು ತುಳಿಯುತ್ತಿದ್ದಳು. ಊರವರು ಇವಳಿಗೆ ಹುಚ್ಚು ಅಂದರು. ಹುಚ್ಚೇ ಇರಬೇಕು, ಬಿಡಿ.

ಆ ಹುಚ್ಚಿಗೆ ಜೊತೆಯೂ ಇತ್ತು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಓಲ್ವೆನ್ ಪ್ರೈಸ್. ಇಪ್ಪತ್ತೈದು ವರ್ಷ, ಭಾನುವಾರ ಬಂತೆಂದರೆ, ಇಬ್ಬರೂ ಮೊಟ್ಟೆಯ ಸ್ಯಾಂಡ್‌ವಿಚ್ ಕಟ್ಟಿಕೊಂಡು ನಕಾಶೆ ಹಿಡಿದು ಹೊರಡುತ್ತಿದ್ದರು. ಹೊಸ ದಾರಿ ಸಿಕ್ಕರೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಇನ್ನಾರಿಗೂ ಹೇಳಕೂಡದು ಎಂದು ಮಾತಾಡಿಕೊಳ್ಳುತ್ತಿದ್ದರು. ಗಾಳಿ ಎದುರಾದರೆ ಸರದಿಯ ಮೇಲೆ ಮುಂದಾಗುತ್ತಿದ್ದರು. ಓಲ್ವೆನ್ ಹಿಂದಿದ್ದಾಗ ಅವಳ ಸೈಕಲ್ಲಿನ ಸರಪಣಿ ಸಣ್ಣಗೆ ಕಿರುಗುಡುವುದು ಮಾರ್ಜರಿಗೆ ಕೇಳುತ್ತಿತ್ತು. ಎಣ್ಣೆ ಹಾಕೇ ಎಂದು ಎಷ್ಟು ಬೈದರೂ ಅವಳು ಹಾಕಿದವಳಲ್ಲ.

ಹನ್ನೊಂದು ವರ್ಷದ ಹಿಂದೆ ಸೈಕಲ್ ದಾರಿಗಳ ಕೈಪಿಡಿ ಬರೆಯುವವನೊಬ್ಬ ಬಂದ. ಓಲ್ವೆನ್ ಮಾರ್ಜರಿಗೆ ಒಂದು ಮಾತೂ ಹೇಳದೆ ಹನ್ನೆರಡು ದಾರಿಗಳನ್ನು ಅವನಿಗೆ ತೋರಿಸಿಕೊಟ್ಟಳು. ಮರುಬೇಸಿಗೆಗೆ ಬರ್ಮಿಂಗ್‌ಹ್ಯಾಮಿನ ಕಾರುಗಳು ಬೆನ್ನ ಮೇಲೆ ನಾಲ್ಕು ನಾಲ್ಕು ಸೈಕಲ್ಲು ಹೊತ್ತು ಬಂದು ಹೊಲದ ಬಾಗಿಲುಗಳಿಗೆ ಅಡ್ಡ ನಿಂತವು. ಆ ಹನ್ನೆರಡು ದಾರಿಗಳ ನಡುವಿನ ಹುಲ್ಲು ಸವೆದುಹೋಯಿತು. ಮಾರ್ಜರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಊರ ಸಭಾಂಗಣದ ಎದುರು, ಹತ್ತು ಜನರ ಮುಂದೆ, ಗೆಳತಿಯ ಮಾನ ಕಳೆದಳು. ಓಲ್ವೆನ್ ಕೇಳಿದ್ದು ಒಂದೇ ಮಾತು.

"ದಾರಿ ಏನು ನಿಮ್ಮಪ್ಪಂದಾ?"

ಅಲ್ಲಿಗೆ ಮಾತು ಮುರಿಯಿತು. ಇಬ್ಬರೂ ಇದ್ದ ಊರಿನ ಸೈಕಲ್ ಸಂಘವನ್ನೂ ಓಲ್ವೆನ್ ಬಿಟ್ಟಳು. ಮಾರ್ಜರಿಗೆ ಎಲ್ಲಕ್ಕಿಂತ ಉರಿದದ್ದು ಬೇರೆಯೇ. ಇಬ್ಬರೂ ಕಂಡುಹಿಡಿದ ದಾರಿ ಹದಿಮೂರು. ಹಳ್ಳದ ಬದಿಯಲ್ಲಿ ಓಲ್ವೆನ್ನಳ ಮನೆ ಮುಂದೆಯೇ ಹಾದುಹೋಗುವ ಹದಿಮೂರನೆಯದು ಮಾತ್ರ ಕೈಪಿಡಿಯಲ್ಲಿ ಇರಲಿಲ್ಲ. ತನ್ನ ಬಾಗಿಲಿನದನ್ನು ಬಚ್ಚಿಟ್ಟುಕೊಂಡು ಉಳಿದದ್ದನ್ನೆಲ್ಲ ಊರಿಗೆ ಹಂಚಿದಳು ಎಂದು ಮಾರ್ಜರಿ ಹಲ್ಲು ಕಡಿದಳು. ಆಮೇಲೆ ಒಬ್ಬಳೇ ಹೋಗತೊಡಗಿದಳು. ಹಳ್ಳದ ದಾರಿಗೆ ಮಾತ್ರ ಚಕ್ರ ಇಡಲಿಲ್ಲ. ಒಮ್ಮೊಮ್ಮೆ ಏರಿನಲ್ಲಿ ಏದುಸಿರು ಬಿಡುತ್ತಾ ಹಿಂದಿನವಳಿಗೆ ಏನೋ ಹೇಳಲು ಬಾಯಿ ತೆರೆದು, ಹಿಂದೆ ಯಾರೂ ಇಲ್ಲವೆಂದು ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರಲ್ಲ, ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಪ್ಪತ್ತೊಂದು ತುಂಬಿದ ವಸಂತದಲ್ಲಿ ಅವಳ ಕಣ್ಣು ಕೈಕೊಟ್ಟಿತು. ಓದಲು ಕೂತರೆ ಸಾಲುಗಳು ಸೊಟ್ಟಗೆ ಬಾಗುತ್ತಿದ್ದವು. ಈ ಬೇಸಿಗೆ ಕಳೆದರೆ ಸೈಕಲ್ಲು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದರು. ಆಗಲಿ ಎಂದು ತಲೆಯಾಡಿಸಿ ಬಂದವಳು, ಚರ್ಚಿನ ಹಿಂದಿನ ಗೋಡೆಗೆ ಸೈಕಲ್ಲು ಒರಗಿಸಿ ಅತ್ತಳು. ಅತ್ತು ಮುಗಿದಾಗ ಒಂದು ವಿಷಯ ಅವಳಿಗೇ ಸ್ಪಷ್ಟವಾಯಿತು. ಕಣ್ಣು ಪೂರಾ ಹೋಗುವ ಮೊದಲು ಹಳ್ಳದ ದಾರಿಯಲ್ಲಿ ಒಮ್ಮೆ ಹೋಗಿ ಓಲ್ವೆನ್ನಳ ಮುಖ ನೋಡಬೇಕು. ಆದರೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ಸಂಘದ ನಡುಬೇಸಿಗೆಯ ಸವಾರಿಗೆ ದಾರಿ ಗೊತ್ತುಮಾಡುವವಳು ಯಾವತ್ತೂ ಮಾರ್ಜರಿಯೇ. ಅರವತ್ತು ಮೈಲಿ, ಹೆದ್ದಾರಿಗೆ ಒಂದು ಗಜವೂ ತಗುಲಬಾರದು. ಸವಾರರು ಅಡ್ಡದಾರಿ ಹಿಡಿಯದಿರಲಿ ಎಂದು ಅವರಿಗೆ ಕೊಡುವ ದಾರಿಯ ಚೀಟಿಯಲ್ಲಿ ಒಂದು ಪ್ರಶ್ನೆ ಇರುತ್ತದೆ. ದಾರಿಯಲ್ಲಿ ಕಾಣುವ ಯಾವುದೋ ಒಂದರ ಬಗ್ಗೆ. ಅಲ್ಲಿ ಹೋದವರಿಗೆ ಮಾತ್ರ ಉತ್ತರ ಗೊತ್ತು. ಈ ಸಲ ಮಾರ್ಜರಿ ಹಳ್ಳದ ದಾರಿಯನ್ನೇ ಸೇರಿಸಿದಳು. ಓಲ್ವೆನ್ನಳ ಗುಟ್ಟನ್ನು ರಟ್ಟು ಮಾಡುತ್ತಿದ್ದೇನೆ, ಮುಯ್ಯಿಗೆ ಮುಯ್ಯಿ ಎಂದು ತನಗೆ ತಾನೇ ಹೇಳಿಕೊಂಡಳು. ಪ್ರಶ್ನೆ ಹೀಗಿತ್ತು: ಹಳ್ಳ ದಾಟಿದ ಮೇಲೆ ಸಿಗುವ ಒಂಟಿ ಮನೆಯ ಗೇಟಿನ ಬಣ್ಣ ಯಾವುದು?

ದಾರಿ ಗೊತ್ತುಮಾಡಿದವರು ಮೊದಲು ತಾವೇ ಅದರಲ್ಲಿ ಹೋಗಿ ನೋಡಿ ಬರಬೇಕು, ಅದು ಸಂಘದ ನಿಯಮ. ಮಾರ್ಜರಿ ಎರಡು ಸಲ ಹೊರಟಳು. ಎರಡು ಸಲವೂ ಹಳ್ಳದ ನೀರಿನವರೆಗೆ ಹೋಗಿ, ಒಂದು ಕಾಲು ನೆಲಕ್ಕೂರಿ ನಿಂತು, ಹಿಂದಿರುಗಿದಳು. ಸಂಘಕ್ಕೆ ಕೊಡುವ ಪ್ರತಿಯಲ್ಲಿ, ಉತ್ತರದ ಜಾಗದಲ್ಲಿ, ನೆನಪಿನಿಂದಲೇ ಹಸಿರು ಎಂದು ಬರೆದಳು.

ಸವಾರಿಯ ಭಾನುವಾರ ಬಿಸಿಲು ಚೆನ್ನಾಗಿತ್ತು. ಎಲ್ಲರೂ ಹೊರಟ ಮೇಲೆ, ಮಂಡಿ ನೋವೆಂದು ಸುಳ್ಳು ಹೇಳಿ ಮಾರ್ಜರಿ ಸಭಾಂಗಣದಲ್ಲಿ ಚಹಾ ಕಾಯಿಸಲು ಉಳಿದಳು. ಮೂರೂವರೆಯ ಹೊತ್ತಿಗೆ ಸವಾರರು ಒಬ್ಬೊಬ್ಬರೇ ಬಂದು ಚೀಟಿ ಕೊಟ್ಟು ಹಣ್ಣಿನ ಕೇಕಿಗೆ ಕೈಹಾಕಿದರು. ಚೀಟಿ ನೋಡುತ್ತಿದ್ದವನು ಸಂಘದ ಕಾರ್ಯದರ್ಶಿ ನೆವಿಲ್ ಟಿಪ್ಟನ್, ಅಲ್ಪವಿರಾಮ ತಪ್ಪಿದರೂ ಊಟ ಬಿಡುವ ಜಾತಿ. ನಲವತ್ತು ಚೀಟಿ ಮುಗಿಸಿ ಕನ್ನಡಕ ತೆಗೆದ.

"ಮಾರ್ಜರಿ, ನಲವತ್ತು ಜನಾನೂ ಕೆಂಪು ಅಂತ ಬರ್ದಿದ್ದಾರೆ. ಒಂದೋ ಇವರೆಲ್ಲ ಸೇರಿ ಕಾಪಿ ಹೊಡ್ದಿದ್ದಾರೆ, ಇಲ್ಲಾ ನೀವು ಆ ಕಡೆ ಹೋಗೇ ಇಲ್ಲ."

ಮಾರ್ಜರಿ ಚಹಾದ ಪಾತ್ರೆಯಿಂದ ಮುಖ ಎತ್ತಲಿಲ್ಲ. ಅಷ್ಟರಲ್ಲಿ ಗಾರೆ ಕೆಲಸದ ಗ್ಯಾರೆತ್, ಬಾಯಿತುಂಬ ಕೇಕು ಇಟ್ಟುಕೊಂಡೇ, ಆ ಗೇಟಿನ ಹತ್ತಿರ ಮುದುಕಿಯೊಬ್ಬಳು ಕುರ್ಚಿ ಹಾಕಿಕೊಂಡು ಕೂತಿದ್ದಾಳೆ ಎಂದ. ಬೆಳಿಗ್ಗೆ ಮೊದಲು ಬಂದವರ ಚೀಟಿ ಇಸಿದುಕೊಂಡು ನೋಡಿದಳಂತೆ, ಕೆಳಗೆ ದಾರಿ ಮಾಡಿದವರು ಮಾರ್ಜರಿ ಬೆಬ್ ಎಂದು ಓದಿದಳಂತೆ. ಅಲ್ಲಿಂದ ಮುಂದೆ ಬಂದವರಿಗೆಲ್ಲ ಓಟ್ಸಿನ ಬಿಲ್ಲೆ ಕೊಟ್ಟು, ಒಂದೇ ಪ್ರಶ್ನೆ ಕೇಳಿದಳಂತೆ. ಅವಳು ಹಿಂದೆ ಬರ್ತಿದ್ದಾಳಾ?

"ನೀನೇನಂದೆ?" ಮಾರ್ಜರಿ ಕೇಳಿದಳು.

"ಇನ್ನೇನನ್ನೋದು? ಬರ್ತಾರೆ, ಕೊನೇಲಿ ಬರ್ತಾರೆ ಅಂದೆ. ಎಲ್ಲರೂ ಹಾಗೇ ಅಂದ್ವಿ."

ತಪ್ಪು ಅವರದ್ದೂ ಅಲ್ಲ. ದಾರಿ ಮಾಡಿದವರು ಎಲ್ಲರಿಗಿಂತ ಕೊನೆಗೆ ಹೊರಡುವುದು, ಟ್ಯೂಬು ಪಂಕ್ಚರಾಗಿ ಹಿಂದುಳಿದವರನ್ನು ಕೂಡಿಸಿಕೊಂಡು ಬರುವುದು ಈ ಸಂಘದಲ್ಲಿ ನಡೆದುಬಂದ ಪದ್ಧತಿ. ಮಾರ್ಜರಿ ಒಂದು ವರ್ಷವೂ ತಪ್ಪಿಸಿದವಳಲ್ಲ. ಈ ಸಲ ಅವಳು ಹಿಂದೆ ಇಲ್ಲವೆಂದು ಮುಂದೆ ಹೋದವರಿಗೆ ಹೇಗೆ ತಿಳಿಯಬೇಕು? ಆ ಪದ್ಧತಿ ಓಲ್ವೆನ್ನಳಿಗೂ ಗೊತ್ತು. ಅಂದರೆ ಬೆಳಿಗ್ಗೆ ಹತ್ತರಿಂದ ಅವಳು ಕೊನೆಯ ಸವಾರಳಿಗಾಗಿ ಕಾಯುತ್ತಿದ್ದಾಳೆ. ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಮಾರ್ಜರಿ ಏಪ್ರನ್ ಬಿಚ್ಚಿ ನೆವಿಲ್ಲನ ಕೈಗಿಟ್ಟು ಹೊರಗೆ ಬಂದಳು.

ಹನ್ನೊಂದು ಮೈಲಿ. ನೇರ ನೋಡಿದರೆ ಮುಂದಿನ ರಸ್ತೆ ಮಬ್ಬಾಗಿ ಕರಗುತ್ತಿತ್ತು, ಅಂಚಿನ ಬೇಲಿಗಳು ಮಾತ್ರ ಕಾಣುತ್ತಿದ್ದವು. ಅವಳು ನಡುವಿನ ಹುಲ್ಲನ್ನೇ ನಂಬಿದಳು. ಚಕ್ರ ಹುಲ್ಲಿಗೆ ಹತ್ತಿದರೆ ಮೆತ್ತಗೆನಿಸುತ್ತಿತ್ತು, ಸ್ವಲ್ಪ ಎಡಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದೂ ಕಾರು ಬರಲಿಲ್ಲ. ಏರಿನಲ್ಲಿ ಇಳಿದು ತಳ್ಳಿದಳು. ಓಲ್ವೆನ್ ಬೇಸತ್ತು ಕುರ್ಚಿ ಎತ್ತಿಕೊಂಡು ಒಳಗೆ ಹೋಗಿದ್ದರೆ ತಾನು ಬಾಗಿಲು ತಟ್ಟಲಾರೆ ಎಂದು ಅವಳಿಗೆ ಖಾತ್ರಿಯಿತ್ತು. ಅಷ್ಟು ಧೈರ್ಯ ಅವಳಲ್ಲಿ ಇರಲಿಲ್ಲ. ಹಳ್ಳ ಬಂತು. ಈ ಸಲ ಕಾಲು ಊರದೆ ನೀರಿಗೇ ನುಗ್ಗಿದಳು, ಬೂಟು ನೆನೆಯಿತು.

ಕುರ್ಚಿ ಅಲ್ಲೇ ಇತ್ತು. ಕುರ್ಚಿಯಲ್ಲಿ ಓಲ್ವೆನ್ನೂ ಇದ್ದಳು. ಮಾರ್ಜರಿ ಇಳಿದು ಸೈಕಲ್ಲು ಹಿಡಿದುಕೊಂಡು ನಿಂತಳು.

"ನಲವತ್ತು ಜನಾನ ನಮ್ಮ ದಾರಿಗೆ ನುಗ್ಗಿಸಿದ್ದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ಎಂದಳು ಓಲ್ವೆನ್. ಮಾರ್ಜರಿ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದಳು. "ಬಂದೂ ಬಂದು, ಇನ್ನೂ ಆ ಕಡೆ ಮುಖ ತಿರುಗಿಸ್ಕೊಂಡೇ ನಿಂತಿದ್ದೀಯಲ್ಲೇ."

"ನೇರ ನೋಡಿದ್ರೆ ನೀನು ಕಾಣಲ್ಲ ಕಣೇ," ಎಂದಳು ಮಾರ್ಜರಿ. "ಪಕ್ಕಕ್ಕೆ ನೋಡಿದ್ರೇನೇ ಕಾಣೋದು. ಕಣ್ಣು ಹೋಗ್ತಾ ಇದೆ. ಸೈಕಲ್ಲು ಇದೇ ಕೊನೆ ಬೇಸಿಗೆ. ಯಾರಾದ್ರೂ ಈ ದಾರೀಲಿ ಓಡಾಡ್ತಾ ಇರ್ಲಿ ಅಂತ ಅನ್ನಿಸ್ತು, ಅದಕ್ಕೇ ಹಾಕಿದೆ."

ಮುಯ್ಯಿಯಲ್ಲ, ಇದೇ ನಿಜವೆಂದು ಹೇಳುವಾಗಲೇ ಅವಳಿಗೆ ಗೊತ್ತಾದದ್ದು. ಓಲ್ವೆನ್ ಎದ್ದು ನಿಲ್ಲಲು ಕುರ್ಚಿಯ ಬದಿಯಿಂದ ಎರಡು ಊರುಗೋಲು ಎತ್ತಿಕೊಂಡಳು. ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಯಾವಾಗಿನಿಂದ ಹೀಗೆ ಎಂದು ಮಾರ್ಜರಿ ಕೇಳಿದಳು.

"ಆ ವರ್ಷವೇ. ಸೊಂಟದ ಕೀಲು ಸವೆದಿದೆ, ಇನ್ನು ಸೈಕಲ್ ತುಳೀಬೇಡಿ ಅಂತ ಡಾಕ್ಟ್ರು ಹೇಳಿದ ವಾರವೇ ಆ ಪುಸ್ತಕದವನು ಬಂದ. ನಂಗೂ ಹಾಗೇ ಅನ್ನಿಸ್ತು, ಯಾರಾದ್ರೂ ಓಡಾಡ್ಲಿ ಅಂತ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನೂ ಬಿಟ್ಟು ನನ್ನ ಪಕ್ಕ ಕೂತ್ಬಿಡ್ತಿದ್ದೆ. ಸಿಟ್ಟು ಮಾಡ್ಕೊಂಡಾದ್ರೂ ತುಳೀತಾ ಇರ್ಲಿ ಅಂತ ಸುಮ್ನಾದೆ."

ಅದು ಸುಳ್ಳಲ್ಲ. ಹನ್ನೊಂದು ವರ್ಷ ಮಾರ್ಜರಿ ಏರುಗಳನ್ನು ಹತ್ತಿದ್ದು ಆ ಸಿಟ್ಟಿನ ಬಲದ ಮೇಲೆಯೇ. ಹಾಗಿದ್ದರೆ ಈ ಒಂದು ದಾರಿಯನ್ನು ಯಾಕೆ ಅವನಿಗೆ ಕೊಡಲಿಲ್ಲ ಎಂದು ಕೇಳಿದಳು.

"ನೀನು ಬರೋಕೆ ಒಂದು ದಾರಿ ಬೇಡ್ವೇನೇ?"

ಮಾರ್ಜರಿ ಸೈಕಲ್ಲನ್ನು ಗೇಟಿಗೆ ಒರಗಿಸಿದಳು. ಆಮೇಲೆ ಬೇಲಿಯ ಕಡೆಗೆ ಮುಖ ತಿರುಗಿಸಿಕೊಂಡು, ಗೆಳತಿಯನ್ನು ಕಣ್ತುಂಬ ನೋಡಿದಳು.