ನೀಲಿ ಬೇಲಿಯ ಸುಳ್ಳು

ಅವರ ಎಡಗೆನ್ನೆ ಬಲಗೆನ್ನೆಗಿಂತ ಯಾವಾಗಲೂ ಹೆಚ್ಚು ಕೆಂಪಾಗಿರುತ್ತಿತ್ತು. ಬೆಳ್ಳಗಿನ ಚರ್ಮ, ದೆಹಲಿಯ ಬಿಸಿಲು, ಸಾಲದ್ದಕ್ಕೆ ದಿನವೆಲ್ಲ ಕೆನ್ನೆಗೆ ಒತ್ತಿಕೊಂಡ ಫೋನು. ಅಲ್ಲಿನ ರೋಹಿಣಿ ಬಡಾವಣೆಯಲ್ಲಿ ನಮ್ಮಿಬ್ಬರದು ಎದುರುಬದುರು ಬಾಗಿಲು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಹುಟ್ಟಿದ್ದು ಉಕ್ರೇನಿನ ಖಾರ್ಕಿವ್ ಹತ್ತಿರದ ಹಳ್ಳಿಯಲ್ಲಿ. ಅಲ್ಲಿಗೆ ಇಂಜಿನಿಯರಿಂಗ್ ಓದಲು ಹೋಗಿದ್ದ ಧಾರವಾಡದ ಹುಡುಗನನ್ನು ಕಟ್ಟಿಕೊಂಡು, ಗಂಡನಿಗೆ ಕೇಂದ್ರ ಸರ್ಕಾರದ ಕೆಲಸ ಸಿಕ್ಕಾಗ ದೆಹಲಿಗೆ ಬಂದವರು. ಕನ್ನಡ ಕಲಿಸಿದ್ದು ಅತ್ತೆ. ತರಕಾರಿ ಭಯ್ಯಾ ತೂಕದಲ್ಲಿ ಮೋಸ ಮಾಡಿದರೆ ಹಿಂದಿಯಲ್ಲಿ ಶುರುವಾದ ಬೈಗುಳ ಧಾರವಾಡದ ಕನ್ನಡದಲ್ಲಿ ಮುಗಿಯುತ್ತಿತ್ತು. ಆತ ತೆಪ್ಪಗೆ ಒಂದು ಹಿಡಿ ಮೆಣಸಿನಕಾಯಿ ಹೆಚ್ಚಿಗೆ ಹಾಕುತ್ತಿದ್ದ.

ನಾವು ಊರಿಗೆ ಹೊರಟಾಗ ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದರೂ ಬಿಡುತ್ತಿರಲಿಲ್ಲ. "ಕೂಡ್ರೋ ತಮ್ಮಾ, ಹಂಗ ಗಡಿಬಿಡಿಲೇ ಹೋಗಬಾರದು" ಎಂದು ಒಂದು ಗಳಿಗೆ ಸುಮ್ಮನೆ ಕೂರಿಸುತ್ತಿದ್ದರು. ಅದು ಅವರ ತವರಿನ ಪದ್ಧತಿ. ಇದರಿಂದ ಒಮ್ಮೆ ರೈಲೇ ತಪ್ಪಿತು; ಆದರೂ ಬೈಯಲು ಮನಸ್ಸು ಬರಲಿಲ್ಲ.

ತವರಿನಲ್ಲಿ ಅಕ್ಕ ಇದ್ದರು, ಗಡಿಯಾಚೆ ರಷ್ಯಾದಲ್ಲಿ ತಮ್ಮ. ಹಿಂದೆ ಅದು ಬರೀ ಬಸ್ಸಿನ ದಾರಿ. ಚಳಿಗಾಲ ಕಳೆದೊಡನೆ ತಮ್ಮ ಬಂದು, ತಾಯಿಯ ಸಮಾಧಿಯ ಸುತ್ತಲಿನ ಕಬ್ಬಿಣದ ಬೇಲಿಗೆ ನೀಲಿ ಬಣ್ಣ ಬಳಿದು, ಅಕ್ಕನ ಮನೆಯಲ್ಲಿ ಉಂಡು ಹೋಗುತ್ತಿದ್ದ. ನಮ್ಮಲ್ಲಿ ತಿಥಿ ಇದ್ದ ಹಾಗೆ, ಅಲ್ಲಿ ಮಕ್ಕಳಿಗೆ ಅದು ತಪ್ಪಿಸಬಾರದ ಕೆಲಸ. ಯುದ್ಧ ಶುರುವಾಯಿತು. ಅಕ್ಕನ ಮೊಮ್ಮಗ ಒಂದು ಸೈನ್ಯಕ್ಕೆ ಸೇರಿದ, ತಮ್ಮನ ಮಗ ಇನ್ನೊಂದಕ್ಕೆ. ಅಕ್ಕ ತಮ್ಮ ಮಾತು ಬಿಟ್ಟರು. ಇಬ್ಬರೂ ಫೋನು ಮಾಡುತ್ತಿದ್ದುದು ರೋಹಿಣಿಯ ಆಂಟಿಗೆ.

ಪಾರ್ಕಿನಲ್ಲಿ ವಾಕಿಂಗ್ ಬರುವ ಹಿರಿಯರೊಬ್ಬರು, "ಆಪ್ ಕಿಸ್ಕೀ ತರಫ್ ಹೈಂ?" ಎಂದು ಕೆಣಕಿದರು. ನೀವು ಯಾರ ಕಡೆ ಎಂದು. "ಜೋ ಫೋನ್ ಉಠಾಯೇ, ಉಸ್ಕೀ ತರಫ್" ಎಂದರು ಆಂಟಿ. ಫೋನು ಎತ್ತಿದವರ ಕಡೆ.

ಒಂದು ಸಂಜೆ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ತಮ್ಮನ ಫೋನು ಬಂತು. ನಗುನಗುತ್ತ ಮಾತಾಡಿದರು. ಫೋನಿಟ್ಟ ಮೇಲೆ ಮುಖ ಬಾಡಿಹೋಯಿತು.

"ಬೇಲಿಗೆ ಯಾರು ಬಣ್ಣ ಹಚ್ಚಿದ್ರು ಅಂತ ಕೇಳಿದ. ಅಕ್ಕ ಹಚ್ಯಾಳ ಅಂದೆ. ಅಲ್ಲಿ ಸ್ಮಶಾನದ ತುಂಬ ಮೈನ್ ಬಾಂಬ್ ಹುಗದಾರ. ಯಾರು ಹೋಗ್ತಾರ?"

"ಅಕ್ಕನಿಗೆ ಏನು ಹೇಳ್ತೀರಿ?"

"ತಮ್ಮ ನಿನ್ನ ನೆನಸಿ ಅಳತಾನ ಅಂತೀನಿ." ತಮ್ಮ ಅಳುತ್ತಿರಲಿಲ್ಲ, ಅಕ್ಕನ ಹೆಸರೆತ್ತಿದರೆ ಬೈಯುತ್ತಿದ್ದ. "ಸಾವಿರ ಸುಳ್ಳ ಹೇಳಿ ಒಂದು ಲಗ್ನಾ ಮಾಡು ಅಂತಿದ್ರು ನಮ್ಮತ್ತಿ. ಒಂದ ಹೊಟ್ಟ್ಯಾಗ ಹುಟ್ಟಿದವ್ರನ್ನ ಕೂಡಿಸಾಕ ಎಷ್ಟ ಹೇಳಬೇಕೋ ತಮ್ಮಾ?"

ನಾನು ಲೋಟ ತೊಳೆದಿಟ್ಟು ಮನೆಗೆ ಬಂದೆ.

ಕಳೆದ ಚಳಿಗಾಲದಲ್ಲಿ ದೆಹಲಿ ಕವಿದ ಹೊಗೆಗೆ ಅವರ ಎದೆ ಕಟ್ಟಿತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ನನಗೆ ಹೇಳಿದ್ದು ಒಂದೇ ಮಾತು: "ನಾ ಹೋದ್ರ ಇವ್ರಿಬ್ಬರಿಗೂ ಸುಳ್ಳ ಹೇಳಾವ್ರು ಯಾರೋ?" ಎರಡು ದಿನದಲ್ಲಿ ಹೋಗಿಬಿಟ್ಟರು.

ಮೊದಲೇ ತೀರಿಕೊಂಡ ಗಂಡನಂತೆ ತನ್ನನ್ನೂ ಸುಡಬೇಕೆಂದು ಅವರೇ ಹೇಳಿದ್ದರು. ಸ್ಮಶಾನದಲ್ಲಿ ಅವರ ಮಗ, "ಭಯ್ಯಾ, ಮೌಸಿ ಔರ್ ಮಾಮಾ, ಇಬ್ಬರಿಗೂ ತೋರಿಸ್ಬೇಕು" ಎಂದು ದೊಡ್ಡಮ್ಮನನ್ನು ತನ್ನ ಫೋನಿನಲ್ಲೂ ಮಾವನನ್ನು ನನ್ನ ಫೋನಿನಲ್ಲೂ ವಿಡಿಯೋ ಕಾಲ್ ಹಾಕಿ ಹಿಡಿದ. ಅಕ್ಕಪಕ್ಕ ನಿಂತೆವು. ಅಕ್ಕ ಅಳುವುದು ತಮ್ಮನಿಗೆ ಕೇಳಿಸಿತು. ಆತ ಏನೋ ಮೆಲ್ಲಗೆ ಹೇಳಿದ. ತಾಯಿಯಿಂದ ಆ ಭಾಷೆ ಕಲಿತಿದ್ದ ಹುಡುಗ ನನಗೆ ಪಿಸುಗುಟ್ಟಿದ: ನಮ್ಮಮ್ಮನ ಸಮಾಧಿಯ ಬೇಲಿಗೆ ನೀನು ಬಣ್ಣ ಹಚ್ಚಿದೆಯಂತೆ, ಒಳ್ಳೆಯದಾಯಿತು.

ಅಕ್ಕನ ಅಳು ನಿಂತಿತು. ಅವರು ಕೇಳಿದ್ದನ್ನೂ ಹುಡುಗ ನನಗೆ ಹೇಳುತ್ತ ಹೋದ: ಯಾವ ಬಣ್ಣ? ಅಲ್ಲಿಗೆ ಯಾರೂ ಕಾಲಿಡುವ ಹಾಗಿಲ್ಲ, ನಿಮ್ಮವರೇ ಮೈನ್ ಹುಗಿದಿದ್ದಾರೆ.

ನಡುವೆ ಒಂದು ಸುಳ್ಳು ಸೇರಿಸೋಣವೆಂದರೆ ನನಗೆ ಆ ಭಾಷೆ ಬಾರದು.

ಅಕ್ಕ ಮತ್ತೆ ಕೇಳಿದರು: ನೀನು ನನ್ನ ನೆನೆದು ಅಳುತ್ತಿದ್ದೆಯಂತಲ್ಲ, ಅದಾದರೂ ನಿಜವೇ?

ನನ್ನ ಕೈಯಲ್ಲಿ ತಮ್ಮನ ಮುಖ ಕಾಣುತ್ತಿದ್ದ ಪರದೆ ಆರಿಹೋಯಿತು. ನೆಟ್‌ವರ್ಕ್ ಹೋಯಿತೋ, ಆತನೇ ಕಟ್ ಮಾಡಿದನೋ, ಗೊತ್ತಾಗಲಿಲ್ಲ.

"ಭಯ್ಯಾ, ಕ್ಯಾ ಬೋಲೂಂ?" ಎಂದ ಹುಡುಗ, ಏನು ಹೇಳಲಿ ಎಂದು.

"ಹೌದು ಅನ್ನು. ಅಳ್ತಾನೇ ಇದ್ದ ಅನ್ನು."

ಅವನು ಬಾಯಿ ತೆರೆದ. ಮತ್ತೆ ಮುಚ್ಚಿ, ಫೋನನ್ನು ನನ್ನ ಕಡೆಗೇ ಚಾಚಿದ. ಆ ಕಡೆಯಿಂದ ಮುದುಕಿ ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು.