ಬೇಸಿಗೆಯಲ್ಲಿ ಬಿಡಿಸಿದ ದಾರಿ

ನಾನು ಹುಟ್ಟಾ ಅಂಜುಬುರುಕಿ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಇಳಿದರೆ ಮನೆಯಲ್ಲಿ ಆರಿಸಿದೆನೋ ಇಲ್ಲವೋ ಎಂಬ ಗ್ಯಾಸಿನ ಚಿಂತೆ. ಹಗ್ಗ ಕಂಡು ಹಾವೆನ್ನುವವರುಂಟು. ನಾನು ಹಗ್ಗ ಕಾಣದಿದ್ದರೆ ಹಾವೇ ಎಳೆದುಕೊಂಡು ಹೋಯಿತೇನೋ ಎನ್ನುವವಳು.

ಇಂಥವಳಿಗೆ ಸಿಕ್ಕ ಗಂಡನೋ ಧೈರ್ಯದ ಮುದ್ದೆ. ಹೈಸ್ಕೂಲು ಮೇಷ್ಟರು. ಮನೆಗೆ ಕಂಪ್ಯೂಟರು ಬಂದ ಮೇಲೆ ಅವರಿಗೊಂದು ಹುಚ್ಚು ಹತ್ತಿತು. ಯಾರು ಬೇಕಾದರೂ ಬಿಡಿಸಬಹುದಾದ, ಯಾರು ಬೇಕಾದರೂ ತಿದ್ದಬಹುದಾದ, ಎಲ್ಲರಿಗೂ ಪುಕ್ಕಟೆ ಸಿಗುವ ನಕ್ಷೆಯೊಂದು ಇಂಟರ್ನೆಟ್ಟಿನಲ್ಲಿತ್ತು. ಅದರಲ್ಲಿ ಜಾವಗಲ್ಲಿಗೂ ಹಳೇಬೀಡಿಗೂ ನಡುವಿನ ನಮ್ಮೂರಿನ ಜಾಗ ಖಾಲಿ ಬಿದ್ದಿತ್ತು. ಇವರು ಜಿಪಿಎಸ್ ಯಂತ್ರವೊಂದನ್ನು ಕೊರಳಿಗೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಸುತ್ತಿದ್ದೇ ಸುತ್ತಿದ್ದು. ಸುತ್ತಿದ ದಾರಿಯೆಲ್ಲ ನಕ್ಷೆಯಲ್ಲಿ ಗೆರೆಯಾಯಿತು.

ನನಗೆ ಅದರಲ್ಲೂ ಭಯ. ಹಿಂದೆ ನಕ್ಷೆಯೆಂದರೆ ತಾಲ್ಲೂಕು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತ ವಸ್ತು. ನೋಡಲು ಅಲೆದು ಚಪ್ಪಲಿ ಸವೆಸಬೇಕು, ನಿಜ. ಆದರೆ ತಪ್ಪಿದ್ದರೆ ಬೈಯಲು ಒಬ್ಬರಾದರೂ ಇದ್ದರು. ಬೇಲೂರಿನ ಶಿಲ್ಪಿಗಳು ಕೂಡ ಮೂರ್ತಿಯ ಬುಡದಲ್ಲಿ ಹೆಸರು ಕೊರೆದೇ ಹೋದರು. ಈ ನಕ್ಷೆ ಯಾರದು? "ಎಲ್ಲರದೂ ಕಣೇ," ಅಂದರು ಇವರು. ಎಲ್ಲರದು ಎಂದರೆ ಯಾರದೂ ಅಲ್ಲ ಎಂದೇ ನನಗೆ ಕೇಳಿಸಿತು.

ನಮ್ಮೂರಿಗೆ ಬರುವವರು ಕೆರೆ ಏರಿಯ ಮೇಲೆ ಬಳಸಿ ಬರಬೇಕು. ಆದರೆ ಕೆರೆ ಬತ್ತಿದ್ದೇ ತಡ, ಎತ್ತಿನ ಗಾಡಿ, ಟ್ರ್ಯಾಕ್ಟರು, ಮದುವೆಯ ಟೆಂಪೊ, ಎಲ್ಲವೂ ಕೆರೆಯಂಗಳದ ಮೇಲೇ. ಬೇಸಿಗೆಯಷ್ಟೂ ಅದೇ ನಮ್ಮ ರಾಜಮಾರ್ಗ. ಇವರು ಸುತ್ತಿದ್ದೂ ಬೇಸಿಗೆಯಲ್ಲೇ. ಇಡೀ ಊರು ಓಡಾಡುವುದನ್ನು ದಾರಿಯೆನ್ನದೆ ಇನ್ನೇನೆನ್ನುವುದು? ಕೆರೆಯ ನಡುವೆಯೇ ದಪ್ಪ ಗೆರೆ ಎಳೆದುಬಿಟ್ಟರು.

ಮಳೆ ಹಿಡಿಯಿತು. ಕೆರೆ ಕೋಡಿ ಬಿತ್ತು. ಒಂದು ಸಂಜೆ ಅರಸೀಕೆರೆಯಿಂದ ತಂಗಿ ಸುಮಳ ಫೋನು. "ಅಕ್ಕಾ, ಅಮ್ಮನ್ನ ಕೂರಿಸ್ಕೊಂಡು ಕಾರಲ್ಲಿ ಹೊರಟಿದೀವಿ. ದಾರಿ ಹೇಳೋದೇನೂ ಬೇಡ, ಭಾವನ ಮ್ಯಾಪು ಪ್ರಿಂಟ್ ತೆಗೆಸಿದೀವಿ."

ಇವರ ಮುಖ ನೋಡಿದೆ. ಮುದ್ದೆ ಅಂಬಲಿಯಾಗಿತ್ತು. "ಆ ಗೆರೆ ನಾನು ಅಳಿಸೇ ಇಲ್ಲ ಕಣೇ," ಅಂದರು.

ಮತ್ತೆ ಫೋನು ಹಚ್ಚಿದರೆ ಸಿಗಲಿಲ್ಲ. ಇವರು ಸ್ಕೂಟರು ಹತ್ತಿ ಏರಿಯ ಕಡೆಗೆ ಓಡಿದರು. ನಾನು ಪಕ್ಕದ ಮನೆಯ ಪುಟ್ಟಕ್ಕನ ಕೈಹಿಡಿದುಕೊಂಡು ಕೆರೆಯ ಈಚೆ ದಡಕ್ಕೆ ಬಂದು ನಿಂತೆ. ಕತ್ತಲಾಗುತ್ತಿತ್ತು. "ಆ ಕಡೆಯಿಂದ ಇಳಿದ್ರೆ ಆಳುದ್ದ ನೀರೈತೆ ಕಣವ್ವ," ಅಂದಳು ಪುಟ್ಟಕ್ಕ, ನನಗೆ ಗೊತ್ತೇ ಇಲ್ಲವೇನೋ ಎನ್ನುವ ಹಾಗೆ. ನಾನು ಜೀವಮಾನದಲ್ಲಿ ಹೆದರಿದ್ದೆಲ್ಲ ಸುಳ್ಳು, ಅಂದು ಹೆದರಿದ್ದೇ ನಿಜ. ಆಚೆ ದಡದಲ್ಲಿ ಕಾರಿನ ದೀಪ ಕಂಡಿತು. ಗಾಡಿಜಾಡು ನೀರಿಗೆ ಇಳಿಯುವಲ್ಲಿಗೇ ಬಂದು ನಿಂತಿತು. ಕತ್ತಲಲ್ಲಿ ಕಾಣದೆಂದು ಗೊತ್ತಿದ್ದೂ ಸೆರಗು ಬೀಸಿದೆ.

ದೀಪ ನಿಧಾನಕ್ಕೆ ತಿರುಗಿ ಏರಿ ಹತ್ತಿತು.

ಸ್ಕೂಟರು ಏರಿಯ ಕೆಸರಿನಲ್ಲಿ ಹೂತಿದ್ದರಿಂದ ಇವರೂ ಆ ಕಾರಿನಲ್ಲೇ ಬಂದಿಳಿದರು. ಅಮ್ಮ ಮಂಡಿನೋವೆಂದು ಗೊಣಗಿದಳು. ಅವಳನ್ನು ತಬ್ಬಿಕೊಂಡು ಅತ್ತೆ.

"ಯಾಕಕ್ಕ ಅಳ್ತೀಯ? 'ಬೇಸಿಗೆಯಲ್ಲಿ ಮಾತ್ರ ದಾರಿ, ಮಳೆಗಾಲದಲ್ಲಿ ನೀರು' ಅಂತ ಗೆರೆ ಪಕ್ಕದಲ್ಲಿ ನೀನೇ ಬರೆದಿದೀಯಲ್ಲ," ಅಂದಳು ಸುಮ.

"ನಾನಲ್ವೇ."

"ಮತ್ತಿನ್ಯಾರು? ಇಷ್ಟು ಹೆದರೋರು ಈ ಸೀಮೇಲಿ ಇನ್ನೊಬ್ರು ಇದಾರಾ?"

ಇದ್ದರು. ಕಂಪ್ಯೂಟರು ತೆರೆದು ನೋಡಿದೆವು. ಮಳೆ ಹಿಡಿದ ಹೊಸದರಲ್ಲೇ ಯಾರೋ ತಿದ್ದಿದ್ದರು. ಹೆಸರಿನ ಜಾಗದಲ್ಲಿ ನಮಗೆ ಗುರುತೇ ಸಿಗದ ಒಂದು ಅಡ್ಡಹೆಸರು. ನಮ್ಮಮ್ಮ ಆ ದಾರಿಯಲ್ಲಿ ಬರುತ್ತಾಳೆಂದು ಅವರಿಗೇನು ಗೊತ್ತು? ಯಾರಮ್ಮನಾದರೂ ಬಂದಾಳೆಂದು ಹೆದರಿದ್ದರು, ಅಷ್ಟೆ.

ಈಗ ಆ ನಕ್ಷೆಯಲ್ಲಿ ನಾನೂ ಗೀಚುತ್ತೇನೆ. ಇವರು ದಾರಿ ಎಳೆಯುತ್ತಾರೆ. ಗೆಂಡೆಹಳ್ಳಿಯ ಕಡೆ ಕುಸಿದ ಮೋರಿ, ಬಿಕ್ಕೋಡಿನ ದಾರಿಯ ಕುರುಡು ತಿರುವು ನನ್ನ ಪಾಲು. ಅದಕ್ಕೆ ಕೂರುವ ಮುಂಚೆ ಆ ಅಪರಿಚಿತರನ್ನು ನೆನೆದು ಹರಸುತ್ತೇನೆ: ಎಲ್ಲಿದ್ದರೂ ಪುಣ್ಯಾತ್ಮರು ಹೀಗೇ ಹೆದರಿಕೊಂಡು ನೂರು ಕಾಲ ಬಾಳಲಿ.